ಹಿತ್ತಲ ಟಮಾಟಿ, ಬಿಜಾಪುರದ ತಂಬಾಕು

ರಬಕವಿಯ ನೇಕಾರರ ಓಣಿಯಲ್ಲಿದ್ದ ನನ್ನ ನಾನಿಯ ಮನೆಯಲ್ಲಿ ಹಿತ್ತಲೆಂದರೆ ಬಚ್ಚಲ ನೀರು ಹರಿದು ಹೋಗುವ ನಾಲ್ಕು ಮಾರು ಜಾಗ. ಅಷ್ಟರಲ್ಲೇ ಒಂದು ಬದನೆ, ಎರಡು ಮೆಣಸಿನ ಗಿಡ, ನಾಲ್ಕೈದು ಟಮಾಟಿ. ವಾರದ ಕೂಲಿ ಕೈಸೇರುವ ಮೊದಲು ಕಾಯಿಪಲ್ಲೆಗೆ ರೊಕ್ಕವಿಲ್ಲದ ದಿನ ರೊಟ್ಟಿಗೆ ಆ ಟಮಾಟಿಯ ಚಟ್ನಿಯೇ ಗತಿ. ಎಲೆಗೆ ಹುಳ ಬಿದ್ದರೆ ನಾನಿ ಒಲೆಯ ಬೂದಿ ಉಗ್ಗುತ್ತಿದ್ದಳು. ಅದಕ್ಕೂ ಬಗ್ಗದಿದ್ದರೆ ತಂಬಾಕು ನೆನೆಸಿದ ನೀರು. "ಬೂಬವ್ವಾ, ನಮ್ಮ ಗಿಡಕ್ಕೂ ಒಂದೀಟು ಕೊಡು" ಎಂದು ಪಕ್ಕದ ಮನೆಯ ಅವ್ವ ಗೋಡೆಯಾಚೆಯಿಂದ ತಂಬಿಗೆ ಚಾಚುತ್ತಿದ್ದಳು.

ಈ ಗಿಡವೂ ಈ ಮದ್ದೂ ಒಂದೇ ದೂರದೇಶದಿಂದ ಬಂದವು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಟೊಮ್ಯಾಟೊದ ಕಾಡು ಜಾತಿಗಳು ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯವು. ಅದನ್ನು ಬೆಳೆಯಾಗಿ ಪಳಗಿಸಿದವರಲ್ಲಿ ಮೆಕ್ಸಿಕೊದ ಮೂಲನಿವಾಸಿಗಳ ಪಾಲು ದೊಡ್ಡದು. ಅವರ ನಾವಾಟಲ್ ಭಾಷೆಯ 'ಟೊಮಾಟ್ಲ್' ಎಂಬ ಶಬ್ದವೇ ನಮ್ಮ ಬಾಯಲ್ಲಿ ಟಮಾಟಿಯಾಗಿದೆ. ಸ್ಪೇನಿನವರ ಹಡಗು ಹತ್ತಿ ಯುರೋಪು ಸೇರಿದ ಈ ಹಣ್ಣಿನ ಬಗ್ಗೆ ಇಟಲಿಯ ವೈದ್ಯ ಮ್ಯಾಟಿಯೊಲಿ 1544ರಲ್ಲಿ ಬರೆದ. ವಿಷವಿರಬಹುದೆಂಬ ಅಂಜಿಕೆಯಿಂದ ಅಲ್ಲಿ ಬಹುಜನ ಅದನ್ನು ಬಹಳ ಕಾಲ ದೂರವೇ ಇಟ್ಟಿದ್ದರು. ನಮ್ಮ ದೇಶದಲ್ಲೂ ಅದು ಒಮ್ಮೆಲೇ ಅಡುಗೆಮನೆಗೆ ನುಗ್ಗಲಿಲ್ಲ. 19ನೇ ಶತಮಾನದ ಕೊನೆಗೆ ಭಾರತದ ಬೆಳೆಗಳ ಬಗ್ಗೆ ದೊಡ್ಡ ಕೋಶ ಬರೆದ ಜಾರ್ಜ್ ವಾಟ್, ಇದನ್ನು ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುತ್ತಾರೆ, ಈ ನಾಡಿನವರು ಈಗೀಗ ಮೆಚ್ಚತೊಡಗಿದ್ದಾರೆ ಎಂದು ದಾಖಲಿಸಿದ್ದಾನೆ. ಬಂಗಾಳಿಗಳು ಅದನ್ನು 'ಬಿಲಾತಿ ಬೇಗುನ್', ಅಂದರೆ ವಿಲಾಯಿತಿ ಬದನೆ ಎಂದರು. ಕನ್ನಡದಲ್ಲೂ ಚಪ್ಪರಬದನೆ, ಗೂದೆಹಣ್ಣು ಎಂಬ ಹೆಸರುಗಳಿದ್ದವು. ಹೊಸ ಗಿಡವನ್ನು ಜನ ಹಳೆಯ ನೆಂಟನ ಹೆಸರಿನಿಂದ ಕರೆದರು. ಅವರು ತಪ್ಪಲಿಲ್ಲ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಒಂದೇ ಕುಟುಂಬದ ಸಸ್ಯಗಳು.

ತಂಬಾಕೂ ಅದೇ ಕುಟುಂಬದ್ದು. ಅದರ ಕಥೆಯಲ್ಲಿ ನಮ್ಮ ಸೀಮೆಗೆ ದೊಡ್ಡ ಪಾತ್ರವಿದೆ. ಮುಧೋಳದ ಘೋರ್ಪಡೆ ಮನೆತನದವರು ಬಿಜಾಪುರದ ಆದಿಲಶಾಹಿಗಳ ಸರದಾರರಾಗಿದ್ದ ಕಾಲ ಅದು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ದರಬಾರಿಗೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್, ತಾನು ಅದುವರೆಗೆ ನೋಡಿರದ ತಂಬಾಕನ್ನು ಬಿಜಾಪುರದಲ್ಲಿ ಕಂಡ. 1604ರ ಸುಮಾರಿಗೆ ಅದನ್ನು ರತ್ನಖಚಿತ ಚಿಲುಮೆಯೊಡನೆ ಒಯ್ದು ಬಾದಶಹನ ಮುಂದಿಟ್ಟ. ಹಕೀಮರು ಬೇಡವೆಂದರೂ ಅಕ್ಬರ್ ಎರಡು ಮೂರು ದಮ್ಮು ಎಳೆದನಂತೆ. 1617ರಲ್ಲಿ ಜಹಾಂಗೀರ್ ತಂಬಾಕು ನಿಷೇಧಿಸಿದ. ನಿಷೇಧ ನಿಲ್ಲಲಿಲ್ಲ, ತಂಬಾಕು ನಿಂತಿತು. ನಾನಿಯ ಮಡಕೆಗೆ ಬಂದದ್ದು ಅದೇ ಎಲೆ.

ಹಿರಿಯರ ಮದ್ದೆಂದು ಅದನ್ನು ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ಹುಳವನ್ನು ಕೊಲ್ಲುವ ನಿಕೋಟಿನ್ ಮನುಷ್ಯನಿಗೂ ವಿಷವೇ. ಸಾಲದ್ದಕ್ಕೆ ತಂಬಾಕಿನ ನಂಜುರೋಗದ ವೈರಸ್ ಟೊಮ್ಯಾಟೊ ಗಿಡಕ್ಕೂ ತಗಲುತ್ತದೆ. ಬೀಡಿ ಹಿಡಿದ ಕೈಯಿಂದ ಸಸಿ ಮುಟ್ಟಬಾರದು ಎನ್ನುವುದು ಇದಕ್ಕೇ.

ಆದರೆ ನಾನು ಮಾಡಿದ ತಪ್ಪು ನಾನಿಯ ತಪ್ಪಿಗಿಂತ ದೊಡ್ಡದು. ಜಮಖಂಡಿಯಲ್ಲಿ ಮನೆ ಮಾಡಿದ ಮೇಲೆ ನಾನೂ ಹಿತ್ತಲಲ್ಲಿ ಹತ್ತು ಸಸಿ ನೆಟ್ಟೆ. ಕಾಯಿಕೊರಕ ಹುಳ ಬಿತ್ತು. ಹತ್ತಿ, ತೊಗರಿ, ಕಡಲೆಯ ಹೊಲಗಳಿಂದ ಬರುವ ಹಳೆಯ ವೈರಿ ಅದು. ಅಂಗಡಿಯೊಂದರಲ್ಲಿ ಕೇಳಿದರೆ ಬೇರೆ ಬಾಟಲಿಗೆ ಸುರಿದು ಸ್ವಲ್ಪ ಔಷಧಿ ಕೊಟ್ಟರು. ಚೀಟಿಯಿಲ್ಲ, ಎಷ್ಟು ವಿಷವೆಂದು ತಿಳಿಸುವ ಬಣ್ಣದ ತ್ರಿಕೋನವಿಲ್ಲ, ಎಷ್ಟು ದಿನ ಕೊಯ್ಯಬಾರದೆಂಬ ಮಾತಿಲ್ಲ. ನಾನೂ ಕೇಳಲಿಲ್ಲ. ಸಿಂಪಡಿಸಿದ ಮರುದಿನವೇ ನನ್ನ ಮಗಳು ಒಂದು ಹಣ್ಣು ಕಿತ್ತು, ಫ್ರಾಕಿಗೆ ಒರೆಸಿಕೊಂಡು ಕಚ್ಚಿದ್ದನ್ನು ಬಾಗಿಲಿಂದ ನೋಡಿದೆ. ಅವಳಿಗೆ ಏನೂ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸರಕಾರ ತರಕಾರಿಗಳ ಮೇಲೆ ಮೊನೊಕ್ರೊಟೊಫಾಸ್ ಬಳಕೆಯನ್ನು 2005ರಲ್ಲೇ ನಿಷೇಧಿಸಿತ್ತು. ಕಾಸರಗೋಡಿನ ಮಕ್ಕಳ ಸಂಕಟ ಜಗತ್ತಿಗೆಲ್ಲ ಗೊತ್ತಾದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆಯಿತು. ಕಾನೂನು ದಿಲ್ಲಿಯಿಂದ ಹೊರಟರೂ, ಚೀಟಿಯಿಲ್ಲದ ಬಾಟಲಿಯನ್ನು ಬೇಡವೆನ್ನುವ ಕೆಲಸ ನಮ್ಮ ಪಾಲಿನದು.

ವಿಷ ಹೆಚ್ಚಿದರೂ ಹುಳ ಸೋತಿಲ್ಲ. ಟೊಮ್ಯಾಟೊದ ತವರಿನ ವೈರಿಯಾದ ಟೂಟಾ ಅಬ್ಸೊಲ್ಯೂಟಾ ಎಂಬ ಪುಟ್ಟ ಪತಂಗ 2006ರಲ್ಲಿ ಸ್ಪೇನಿನಲ್ಲಿ ಕಾಣಿಸಿ, 2014ರಲ್ಲಿ ಮಹಾರಾಷ್ಟ್ರಕ್ಕೆ, ಬೆನ್ನಲ್ಲೇ ಕರ್ನಾಟಕಕ್ಕೂ ಬಂತು. ಇದರ ಮರಿ ಎಲೆಯ ಎರಡು ಪದರಗಳ ನಡುವೆ ಕೂತು ತಿನ್ನುವುದರಿಂದ ಮೇಲೆ ಸಿಂಪಡಿಸಿದ್ದು ಸುಲಭವಾಗಿ ತಟ್ಟುವುದಿಲ್ಲ. ಅಂಥ ಎಲೆ ಕಿತ್ತು ನಾಶಮಾಡುವುದೇ ಹಿತ್ತಲಲ್ಲಿ ಉತ್ತಮ ದಾರಿ.

ಈಗ ನನ್ನ ಹಿತ್ತಲಲ್ಲಿ ಟಮಾಟಿಯ ಪಕ್ಕ ಚೆಂಡುಹೂವಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ ಹಾಕಲು ಹೇಳಿದ್ದಾರೆ. 25 ದಿನದ ಟೊಮ್ಯಾಟೊ ಸಸಿಯೊಡನೆ 45 ದಿನದ ಚೆಂಡುಹೂ ಸಸಿ ನೆಟ್ಟರೆ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಪತಂಗ ಹೂವಿಗೆ ಮರುಳಾಗಿ ಅಲ್ಲಿ ಮೊಟ್ಟೆಯಿಡುತ್ತದೆ. ಬಿಳಿನೊಣ ಎಲೆ ಮುದುಡು ರೋಗ ತರುತ್ತದೆ. ಅದಕ್ಕೆ ಲೀಟರಿಗೆ 50 ಗ್ರಾಂ ಬೇವಿನ ಬೀಜ ಕುಟ್ಟಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕದಡಿ ಸಂಜೆ ಸಿಂಪಡಿಸುತ್ತೇನೆ. ಮುದುಡಿದ ಗಿಡವನ್ನು ಮಾತ್ರ ಕಿತ್ತೇ ಬಿಡಬೇಕು. ನಮ್ಮದು ಎರೆಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ. ಹಾಗಾಗಿ ಗೊಬ್ಬರ ಬೆರೆಸಿ ಏರು ಮಡಿ ಮಾಡಿದ್ದೇನೆ.

ಚೆಂಡುಹೂವೂ ಮೆಕ್ಸಿಕೊದಿಂದ ಬಂದದ್ದೇ. ದಸರೆಯ ಬಂಡಿಗೂ ದರ್ಗಾದ ಚಾದರಕ್ಕೂ ಅದನ್ನು ಕಟ್ಟುವಾಗ ಯಾರೂ ಊರು ಕೇಳುವುದಿಲ್ಲ.

ಹಿತ್ತಲು ಎಲ್ಲರಿಗೂ ಉಳಿದಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ಕಡೆಯ ಊರುಗಳು ಮುಳುಗಿದಾಗ ಮನೆಗಳೊಂದಿಗೆ ಹಿತ್ತಲುಗಳೂ ಮುಳುಗಿದವು. 2019ರ ನೆರೆಯಲ್ಲಿ ಕೃಷ್ಣೆ, ಘಟಪ್ರಭೆಯರು ನಮ್ಮ ಓಣಿಗಳನ್ನೂ ನೋಡಿ ಹೋದರು. ಜಾಗವಿಲ್ಲದವರು ಒಡಕು ಬಕೆಟ್ಟಿನಲ್ಲಿ ಎರಡು ಸಸಿ ಇಡಬಹುದು. ನನ್ನ ಮಗಳು ಈಗಲೂ ಹಣ್ಣನ್ನು ಬಟ್ಟೆಗೆ ಒರೆಸಿಕೊಂಡೇ ಕಚ್ಚುತ್ತಾಳೆ. ತೊಳೆದು ತಿನ್ನು ಎಂದು ಬೈಯುತ್ತೇನೆ. ಆದರೆ ಬಾಗಿಲಲ್ಲಿ ನಿಂತು ಈಗ ಎದೆ ಹೊಡೆದುಕೊಳ್ಳುವುದಿಲ್ಲ.