ಕಂಪ್ಯೂಟರ್‌ಗೆ ‘ಬೇಕೇ ಬೇಕಾದ 25 ಆ್ಯಪ್‌ಗಳು’: ಫಾರ್ವರ್ಡ್ ಪಟ್ಟಿಯಲ್ಲಿ ನಿಜಕ್ಕೂ ಬೇಕಾದುದೆಷ್ಟು?

‘ನಿಮ್ಮ ಲ್ಯಾಪ್‌ಟಾಪ್ ನಿಧಾನವಾಗಿದೆಯೇ? ಈ ಆ್ಯಪ್ ಹಾಕಿ, ರಾಕೆಟ್‌ನಂತೆ ಓಡುತ್ತದೆ’, ‘ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಇರಲೇಬೇಕಾದ 25 ಉಚಿತ ಸಾಫ್ಟ್‌ವೇರ್‌ಗಳು, ಎಲ್ಲರಿಗೂ ಕಳಿಸಿ’. ಇಂಥ ಸಂದೇಶಗಳು ಅಪಾರ್ಟ್‌ಮೆಂಟ್ ಗ್ರೂಪ್, ಶಾಲೆಯ ಗ್ರೂಪ್, ಬಂಧುಗಳ ಗ್ರೂಪ್ ಎಲ್ಲ ಕಡೆ ಸುತ್ತುತ್ತಿರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಪಟ್ಟಿಯಲ್ಲಿರುವುದನ್ನೆಲ್ಲ ಹಾಕಿಕೊಂಡರೆ ಕಂಪ್ಯೂಟರ್ ವೇಗವಾಗುವ ಬದಲು ಇನ್ನಷ್ಟು ನಿಧಾನವಾಗಬಹುದು. ಕೆಲವೊಮ್ಮೆ ಬ್ಯಾಂಕ್ ಖಾತೆಯ ಹಣವೂ ಹೋಗಬಹುದು. ಹಾಗಾದರೆ ಯಾವುದು ಬೇಕು, ಯಾವುದು ಬೇಡ? ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಮನೆಬಳಕೆಯ ಕಂಪ್ಯೂಟರ್‌ಗೆ ಬೇಕಾದ ಸಣ್ಣಪುಟ್ಟ ಸಲಕರಣೆಗಳಲ್ಲಿ ಹೆಚ್ಚಿನವು ವಿಂಡೋಸ್ ಒಳಗೇ ಇವೆ. ಹೊರಗಿನಿಂದ ಹಾಕಿಕೊಳ್ಳಬೇಕಾದವು ಸಾಮಾನ್ಯವಾಗಿ ನಾಲ್ಕೈದು ಮಾತ್ರ. ಆ್ಯಪ್‌ನ ಹೆಸರಿನಷ್ಟೇ, ಅದನ್ನು ಎಲ್ಲಿಂದ ಇಳಿಸಿಕೊಂಡಿರಿ ಎಂಬುದೂ ಮುಖ್ಯ.

ಮೊದಲು ಕೆಲಸ, ಆಮೇಲೆ ಆ್ಯಪ್

ಬೆಂಗಳೂರಿನ ಸರ್ವಜ್ಞನಗರವನ್ನೇ ತೆಗೆದುಕೊಳ್ಳಿ. ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರ, ಎಚ್‌ಬಿಆರ್ ಬಡಾವಣೆ, ನಾಗವಾರ ಎಂದು ಹರಡಿಕೊಂಡಿರುವ ಈ ಪ್ರದೇಶದಲ್ಲಿ ಮನೆಯಿಂದ ಕೆಲಸ ಮಾಡುವ ಐಟಿ ಉದ್ಯೋಗಿಯೂ ಇದ್ದಾರೆ, ಜಿಎಸ್‌ಟಿ ಬಿಲ್ ಮಾಡುವ ಅಂಗಡಿಯವರೂ ಇದ್ದಾರೆ, ಕಾಲೇಜು ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಯೂ ಇದ್ದಾರೆ, ಸಂಘದ ಆಹ್ವಾನಪತ್ರಿಕೆಯನ್ನು ಕನ್ನಡದಲ್ಲಿ ಟೈಪ್ ಮಾಡುವ ನಿವೃತ್ತರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಪಟ್ಟಿ ಹೊಂದುವುದು ಹೇಗೆ?

ಆದ್ದರಿಂದ ‘ಯಾವ ಆ್ಯಪ್ ಒಳ್ಳೆಯದು?’ ಎಂದು ಕೇಳುವ ಮೊದಲು ‘ನನಗೆ ಆಗಬೇಕಾದ ಕೆಲಸ ಯಾವುದು?’ ಎಂದು ಕೇಳಿಕೊಳ್ಳಿ. ನಂತರ ಆ ಕೆಲಸ ಮಾಡುವ ಸೌಲಭ್ಯ ಕಂಪ್ಯೂಟರ್‌ನಲ್ಲಿ ಈಗಾಗಲೇ ಇದೆಯೇ ಎಂದು ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಇರುವ ಕೆಲವು ಇಲ್ಲಿವೆ:

• ಪರದೆಯ ಚಿತ್ರ ಬೇಕೇ? ವಿಂಡೋಸ್ ಕೀಲಿ, ಶಿಫ್ಟ್ ಮತ್ತು ಎಸ್ ಒಟ್ಟಿಗೆ ಒತ್ತಿ. ಬೇಕಾದಷ್ಟು ಭಾಗವನ್ನು ಕತ್ತರಿಸಿಕೊಳ್ಳಬಹುದು.
• ಹಿಂದೆ ಕಾಪಿ ಮಾಡಿದ್ದು ಮತ್ತೆ ಬೇಕೇ? ವಿಂಡೋಸ್ ಕೀಲಿ ಮತ್ತು ವಿ ಒತ್ತಿ. ಒಮ್ಮೆ ಚಾಲೂ ಮಾಡಿಕೊಂಡರೆ, ಅಲ್ಲಿಂದ ಮುಂದೆ ಕಾಪಿ ಮಾಡಿದವುಗಳ ಪಟ್ಟಿ ಸಿಗುತ್ತದೆ. ಇದು 2018ರ ಅಕ್ಟೋಬರ್ ಅಪ್‌ಡೇಟ್‌ನಿಂದ ಇದೆ.
• ಕಡತವನ್ನು ಪಿಡಿಎಫ್ ಮಾಡಬೇಕೇ? ಪ್ರಿಂಟ್ ಆಯ್ಕೆಗೆ ಹೋಗಿ ಪ್ರಿಂಟರ್ ಹೆಸರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿ.
• ಪಿಡಿಎಫ್ ಓದಲು ಎಡ್ಜ್ ಬ್ರೌಸರ್ ಸಾಕು.
• ಬೇಡದ ಕಡತ ತೆಗೆಯಲು ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ‘ಸ್ಟೋರೇಜ್ ಸೆನ್ಸ್’ ಇದೆ.
• ಜಿಪ್ ಕಡತ ತೆರೆಯಲು ಬೇರೇನೂ ಬೇಡ. ವಿಂಡೋಸ್ 11ರಲ್ಲಿ 2023ರ ಕೊನೆಯಿಂದ ಆರ್‌ಎಆರ್ ಮತ್ತು 7ಜಡ್ ಕಡತಗಳೂ ತೆರೆಯುತ್ತವೆ.

ಈ ಆರು ಸಾಲಿನಲ್ಲೇ ಫಾರ್ವರ್ಡ್ ಪಟ್ಟಿಯ ಹಲವು ಹೆಸರುಗಳ ಅಗತ್ಯ ತಪ್ಪುತ್ತದೆ.

ಕನ್ನಡ ಬರೆಯಲು ಏನು ಹಾಕಿಕೊಳ್ಳಬೇಕು?

ಇಂಗ್ಲಿಷ್‌ನಿಂದ ಬಂದ ಪಟ್ಟಿಗಳಲ್ಲಿ ಈ ವಿಷಯ ಇರುವುದೇ ಇಲ್ಲ. ನಮಗೆ ಮಾತ್ರ ಇದು ಮುಖ್ಯ.

ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ನೆಲೆಯೂರಿತು. ನುಡಿಯ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು. ಇಂಗ್ಲಿಷ್‌ನ ಕೆ ಕೀಲಿ ಒತ್ತಿದರೆ ‘ಕ’, ಶಿಫ್ಟ್ ಜೊತೆ ಒತ್ತಿದರೆ ‘ಖ’ ಬರುವ ಹಾಗೆ ಇದರಲ್ಲಿ ಉಚ್ಚಾರಣೆಯ ನಂಟಿದೆ. ಹಾಗಾಗಿಯೇ ಕಲಿಯುವುದು ಸುಲಭ.

ಆದರೆ ಒಂದು ತೊಡಕಿದೆ. ನುಡಿ, ಬರಹದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ನಿಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಅದೇ ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ‘ಫೈಲ್‌ಗೆ ವೈರಸ್ ಬಂದಿದೆ’ ಎಂದು ಗಾಬರಿಯಾಗುವವರು ಇದ್ದಾರೆ. ಅದು ವೈರಸ್ ಅಲ್ಲ, ಫಾಂಟ್ ಸಮಸ್ಯೆ.

ಯೂನಿಕೋಡ್ ಇದಕ್ಕೆ ಪರಿಹಾರ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿದೆ. ಯೂನಿಕೋಡ್‌ನಲ್ಲಿ ಬರೆದದ್ದು ಫೋನ್, ಇಮೇಲ್, ಗೂಗಲ್ ಹುಡುಕಾಟ ಎಲ್ಲ ಕಡೆ ಕನ್ನಡವಾಗಿಯೇ ಉಳಿಯುತ್ತದೆ.

ಈಗ ಪ್ರಾಯೋಗಿಕವಾಗಿ ಏನು ಮಾಡಬೇಕು? ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಕನ್ನಡವೂ ಸೇರಿದಂತೆ ಭಾರತದ 10 ಭಾಷೆಗಳಿಗೆ ‘ಫೊನೆಟಿಕ್’ ಕೀಲಿಮಣೆ ಬಂದಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಟೈಪ್ ಮಾಡಿದರೆ ಕನ್ನಡ ಮೂಡುತ್ತದೆ. ಹೊರಗಿನ ಯಾವ ಆ್ಯಪ್ ಕೂಡ ಬೇಡ. ನುಡಿಯ ಕೀಲಿಗಳೇ ಕೈಗೆ ಒಗ್ಗಿದ್ದರೆ ನುಡಿಯನ್ನೇ ಬಳಸಿ, ಆದರೆ ಯೂನಿಕೋಡ್ ಆಯ್ಕೆಯಲ್ಲಿ ಬರೆಯಿರಿ. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.

ಫಾರ್ವರ್ಡ್‌ಗಳಲ್ಲಿ ಬರುವ ನಂಬಿಕೆಗಳು

ನಂಬಿಕೆ 1: ‘ಕ್ಲೀನರ್ ಆ್ಯಪ್ ಹಾಕಿದರೆ ವೇಗ ಹೆಚ್ಚುತ್ತದೆ’

ವಿಂಡೋಸ್ ತನ್ನ ಮತ್ತು ಆ್ಯಪ್‌ಗಳ ಹೊಂದಿಕೆಗಳನ್ನು ಬರೆದಿಟ್ಟುಕೊಳ್ಳುವ ಲೆಕ್ಕದ ಪುಸ್ತಕದಂಥ ಜಾಗಕ್ಕೆ ‘ರಿಜಿಸ್ಟ್ರಿ’ ಎನ್ನುತ್ತಾರೆ. ಅಲ್ಲಿ ಕೆಲವು ಹಳೆಯ ಸಾಲುಗಳು ಉಳಿದಿದ್ದರೆ ವೇಗಕ್ಕೆ ಗಮನಿಸುವಷ್ಟು ಅಡ್ಡಿಯಿಲ್ಲ. ಬೇಕಾದ ಸಾಲನ್ನೇ ಅಳಿಸಿದರೆ ಮಾತ್ರ ಕಂಪ್ಯೂಟರ್ ಕೈಕೊಡಬಹುದು. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಗೆ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ.

ಹೆಸರುವಾಸಿ ಆ್ಯಪ್ ಆದರೂ ಅಪಾಯ ಇದ್ದೇ ಇದೆ. 2017ರ ಆಗಸ್ಟ್‌ನಲ್ಲಿ ಬಂದ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೆ ಹ್ಯಾಕರ್‌ಗಳು ಕುತಂತ್ರಾಂಶ ಸೇರಿಸಿದ್ದರು. ಅದು ಕಂಪನಿಯ ಅಧಿಕೃತ ತಾಣದಿಂದಲೇ ಸುಮಾರು 22.7 ಲಕ್ಷ ಬಳಕೆದಾರರನ್ನು ತಲುಪಿತ್ತು. ಸೆಪ್ಟೆಂಬರ್‌ನಲ್ಲಿ ಪತ್ತೆಯಾದ ಮೇಲೆ ಸರಿಪಡಿಸಲಾಯಿತು. ಪಾಠ ಇಷ್ಟೇ: ಅಗತ್ಯವಿಲ್ಲದ ಪ್ರತಿ ಆ್ಯಪ್ ಕೂಡ ಮನೆಗೆ ಇನ್ನೊಂದು ಬಾಗಿಲು ತೆರೆದಂತೆ.

ನಂಬಿಕೆ 2: ‘ರ‍್ಯಾಮ್ ಖಾಲಿ ಮಾಡುವ ಆ್ಯಪ್ ಬೇಕು’

ಖಾಲಿ ಬಿದ್ದ ರ‍್ಯಾಮ್‌ನಿಂದ ಲಾಭವಿಲ್ಲ. ಮತ್ತೆ ಬೇಕಾಗಬಹುದಾದ ಮಾಹಿತಿಯನ್ನು ವಿಂಡೋಸ್ ಬೇಕೆಂದೇ ಅದರಲ್ಲಿ ಇಟ್ಟಿರುತ್ತದೆ, ಜಾಗ ಬೇಕಾದಾಗ ತಾನೇ ಬಿಡುತ್ತದೆ. ಒತ್ತಾಯದಿಂದ ಖಾಲಿ ಮಾಡಿದರೆ ಅದೇ ಮಾಹಿತಿಯನ್ನು ಮತ್ತೆ ಡಿಸ್ಕ್‌ನಿಂದ ಓದಬೇಕಾಗಿ ಕೆಲಸ ನಿಧಾನವಾಗುತ್ತದೆ.

ನಿಜವಾಗಿ ನಿಧಾನವಾಗಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಸ್ಟಾರ್ಟ್‌ಅಪ್’ ಪಟ್ಟಿಯಲ್ಲಿ ಬೇಡದವನ್ನು ನಿಲ್ಲಿಸಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದರಿಂದ ಸಿಗುವ ವೇಗ ಯಾವ ಆ್ಯಪ್‌ನಿಂದಲೂ ಸಿಗದು. ಎಸ್‌ಪಿ ರಸ್ತೆಯಲ್ಲೂ ಸಿಗುತ್ತದೆ, ಬಡಾವಣೆಯ ರಿಪೇರಿ ಅಂಗಡಿಯವರೂ ಹಾಕಿಕೊಡುತ್ತಾರೆ.

ನಂಬಿಕೆ 3: ‘ಎರಡು ಆ್ಯಂಟಿವೈರಸ್ ಇದ್ದರೆ ಎರಡು ಪಟ್ಟು ರಕ್ಷಣೆ’

ಎರಡೂ ಒಂದೇ ಕಡತವನ್ನು ಹಿಡಿದು ತಪಾಸಣೆ ಮಾಡಲು ಹೊರಟರೆ ಕಂಪ್ಯೂಟರ್ ತಡವರಿಸುತ್ತದೆ. ವಿಂಡೋಸ್ 8ರಿಂದಲೂ ‘ಡಿಫೆಂಡರ್’ ಆ್ಯಂಟಿವೈರಸ್ ಜೊತೆಗೇ ಬರುತ್ತಿದೆ. ಹೊರಗಿನ ಆ್ಯಂಟಿವೈರಸ್ ಹಾಕಿದರೆ ಇದು ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಅಪ್‌ಡೇಟ್‌ಗಳನ್ನು ತಪ್ಪಿಸದ ಮನೆಬಳಕೆದಾರರಿಗೆ ಸಾಮಾನ್ಯವಾಗಿ ಡಿಫೆಂಡರ್ ಸಾಕು.

ನಂಬಿಕೆ 4: ‘ವಿಎಲ್‌ಸಿ ಚೀನಾ ಆ್ಯಪ್, ಸರ್ಕಾರ ನಿಷೇಧಿಸಿದೆ’

ವಿಎಲ್‌ಸಿ ಹುಟ್ಟಿದ್ದು ಫ್ರಾನ್ಸ್‌ನಲ್ಲಿ, ವಿದ್ಯಾರ್ಥಿಗಳ ಯೋಜನೆಯಾಗಿ. 2022ರಲ್ಲಿ ಅದರ ಅಧಿಕೃತ ಜಾಲತಾಣ ಭಾರತದಲ್ಲಿ ಹಲವು ತಿಂಗಳು ತೆರೆಯುತ್ತಿರಲಿಲ್ಲ ಎಂಬುದು ನಿಜ. ಅದೇ ವರ್ಷ ನವೆಂಬರ್‌ನಲ್ಲಿ ಆ ತಡೆ ತೆರವಾಯಿತು. ಹಳೆಯ ಫಾರ್ವರ್ಡ್ ನಂಬಿ ಅದನ್ನು ತೆಗೆಯಬೇಕಿಲ್ಲ.

ನಂಬಿಕೆ 5: ‘ವಿಂಡೋಸ್ 10 ನಿಂತುಹೋಯಿತು, ಲ್ಯಾಪ್‌ಟಾಪ್ ಎಸೆಯಬೇಕು’

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ಕಂಪ್ಯೂಟರ್ ಓಡುವುದೇನೂ ನಿಲ್ಲುವುದಿಲ್ಲ. ಆದರೆ ಭದ್ರತಾ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಸುರಕ್ಷಿತವಲ್ಲ. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಹೊಂದುತ್ತದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಹೊಂದದಿದ್ದರೆ ಲಿನಕ್ಸ್ ಒಂದು ಉಚಿತ ದಾರಿ.

ಹೊರಗಿನಿಂದ ಹಾಕಿಕೊಳ್ಳಲು ಯೋಗ್ಯವಾದವು

• ಲಿಬ್ರೆಆಫೀಸ್: ಪತ್ರ, ಲೆಕ್ಕದ ಹಾಳೆ, ಸ್ಲೈಡ್ ಮಾಡಲು. ಪೂರ್ತಿ ಉಚಿತ, ಇದರ ಮೆನುಗಳನ್ನು ಕನ್ನಡದಲ್ಲೂ ನೋಡಬಹುದು. ‘ಕ್ರ್ಯಾಕ್’ ಮಾಡಿದ ಆಫೀಸ್ ಹಾಕಿಸುವುದಕ್ಕಿಂತ ಎಷ್ಟೋ ವಾಸಿ.
• ವಿಎಲ್‌ಸಿ: ಹೆಚ್ಚುಕಡಿಮೆ ಎಲ್ಲ ಬಗೆಯ ವಿಡಿಯೊ ತೆರೆಯಲು.
• 7-ಜಿಪ್: ವಿಂಡೋಸ್ 10ರಲ್ಲಿ ಆರ್‌ಎಆರ್ ಕಡತ ತೆರೆಯಬೇಕಾದವರಿಗೆ.
• ಬಿಟ್‌ವಾರ್ಡನ್ ಅಥವಾ ಕೀಪಾಸ್: ಪಾಸ್‌ವರ್ಡ್‌ಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಡುವವರಿಗೆ.

ಫಾರ್ವರ್ಡ್ ಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಬ್ಯಾಕಪ್. ಮಕ್ಕಳ ಫೋಟೊ, ಅಂಕಪಟ್ಟಿ, ಅಂಗಡಿಯ ಲೆಕ್ಕ ಇವುಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ಹಾಕಿ, ಡಿಸ್ಕ್ ಕಳಚಿ ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಯೇ ಇಟ್ಟರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಎಲ್ಲಿಂದ ಇಳಿಸಿಕೊಳ್ಳಬೇಕು?

ಮೊದಲ ಆಯ್ಕೆ ಮೈಕ್ರೋಸಾಫ್ಟ್ ಸ್ಟೋರ್ ಅಥವಾ ಆ್ಯಪ್ ತಯಾರಿಸಿದವರ ಅಧಿಕೃತ ತಾಣ. ಗೂಗಲ್‌ನಲ್ಲಿ ಹುಡುಕಿದಾಗ ಮೇಲ್ತುದಿಯಲ್ಲಿ ಜಾಹೀರಾತು ಬರುತ್ತದೆ, ಅದು ನಕಲಿ ತಾಣವೂ ಆಗಿರಬಹುದು. ವಿಳಾಸದ ಅಕ್ಷರಗಳನ್ನು ಓದಿ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಇನ್‌ಸ್ಟಾಲ್ ಕಡತವನ್ನು, ಯಾರೇ ಕಳಿಸಿರಲಿ, ತೆರೆಯಬೇಡಿ.

ಇನ್‌ಸ್ಟಾಲ್ ಮಾಡುವಾಗ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋಗಬೇಡಿ. ಜೊತೆಗೆ ಬೇರೆ ಆ್ಯಪ್ ಸೇರಿಸುವ ಟಿಕ್ ಗುರುತು ಅಲ್ಲೇ ಎಲ್ಲೋ ಇರಬಹುದು. ಡಿಫೆಂಡರ್ ಆಫ್ ಮಾಡಿ ಎಂದು ಯಾವುದಾದರೂ ಆ್ಯಪ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ‘ಆ್ಯಕ್ಟಿವೇಟರ್’ ಹೆಸರಿನ ಕಡತಗಳು ಕೇಳುವುದು ಇದನ್ನೇ.

ಹಣ ಹೋಗುವುದು ಇಲ್ಲಿ

ದೂರದಿಂದ ನಿಮ್ಮ ಪರದೆ ನೋಡಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಕೆಟ್ಟ ಆ್ಯಪ್‌ಗಳಲ್ಲ. ಐಟಿ ಕಚೇರಿಗಳಲ್ಲಿ ದಿನನಿತ್ಯ ಬಳಕೆಯಲ್ಲಿವೆ. ಆದರೆ ‘ಬ್ಯಾಂಕ್‌ನಿಂದ ಮಾತಾಡುತ್ತಿದ್ದೇವೆ, ಕೆವೈಸಿ ಸರಿಪಡಿಸುತ್ತೇವೆ’ ಎಂದು ಕರೆ ಮಾಡುವ ವಂಚಕರ ಕೈಗೂ ಇವೇ ಸಿಕ್ಕಿವೆ. ಎನಿಡೆಸ್ಕ್ ಬಳಸಿ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಪರದೆ ಅವರ ಕೈಗೆ ಹೋದರೆ ಒಟಿಪಿಯೂ ಹೋದಂತೆ. ನೀವಾಗಿ ಕರೆದ, ಪರಿಚಿತ ವ್ಯಕ್ತಿಗೆ ಬಿಟ್ಟು ಬೇರೆ ಯಾರಿಗೂ ಆ ಸಂಖ್ಯೆ ಕೊಡಬೇಡಿ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೆರಡು ಎಚ್ಚರಿಕೆ. ಪಿಡಿಎಫ್ ಚಿಕ್ಕದು ಮಾಡಿಕೊಡುವ ಅಪರಿಚಿತ ತಾಣಗಳಿಗೆ ಆಧಾರ್, ಪ್ಯಾನ್, ಸಂಬಳದ ಚೀಟಿ ಏರಿಸಬೇಡಿ, ಆ ಕಡತ ಬೇರೆಯವರ ಕಂಪ್ಯೂಟರ್ ಸೇರುತ್ತದೆ. ಆಧಾರ್ ಕೊಡಲೇಬೇಕಾದಾಗ, ಒಪ್ಪುವ ಕಡೆಗಳಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಪ್ರತಿ ಕೊಡಿ. ಹಾಗೆಯೇ ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಯಲು ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ, ಹೊರಡುವ ಮುನ್ನ ಫೋನ್‌ನ ‘ಲಿಂಕ್ಡ್ ಡಿವೈಸಸ್’ ನೋಡಿ ಲಾಗ್ ಔಟ್ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಆ್ಯಪ್ ಪಟ್ಟಿ ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಇದರಿಂದ ನನ್ನ ಯಾವ ಕೆಲಸ ಆಗುತ್ತದೆ?
2. ಆ ಕೆಲಸಕ್ಕೆ ವಿಂಡೋಸ್‌ನಲ್ಲೇ ದಾರಿ ಇದೆಯೇ?
3. ತಯಾರಿಸಿದವರು ಯಾರು, ಅವರ ಅಧಿಕೃತ ತಾಣ ಯಾವುದು? ಇತ್ತೀಚೆಗೆ ಅಪ್‌ಡೇಟ್ ಆಗಿದೆಯೇ?
4. ಲಿಂಕ್ ಎಲ್ಲಿಗೆ ಕರೆದೊಯ್ಯುತ್ತದೆ?

ನಾಲ್ಕಕ್ಕೂ ಉತ್ತರ ಸಿಕ್ಕರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬಿಡಿ. ಆರು ತಿಂಗಳಿಗೊಮ್ಮೆ ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿ ತೆರೆದು, ಬಳಸದೆ ಬಿದ್ದಿರುವುದನ್ನು ತೆಗೆದುಹಾಕಿ. ಗ್ರೂಪ್‌ನಲ್ಲಿ ಯಾರಾದರೂ ‘ಒಳ್ಳೆಯ ಆ್ಯಪ್ ಹೇಳಿ’ ಎಂದು ಕೇಳಿದರೆ, ಪಟ್ಟಿ ಕಳಿಸುವ ಮೊದಲು ‘ಏನು ಮಾಡಬೇಕಿತ್ತು?’ ಎಂದು ಕೇಳಿ.