ಅಡಿಕೆ ಬೇಯಿಸುವ ಹದ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆಗೆ ಎರಡು ದಾರಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಸುಮಾರು 40 ದಿನ ಬಿಸಿಲಿಗಿಟ್ಟರೆ ಚಾಲಿ. ಹಸಿರುಗಾಯಿ ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಇಲ್ಲಿನ ತೋಟಗಳನ್ನು 1801ರಲ್ಲೇ ಫ್ರಾನ್ಸಿಸ್ ಬುಕಾನನ್ ಕಂಡು ಬರೆದಿದ್ದಾನೆ.

ಬೇಯಿಸುವುದೇಕೆ? ಸುಲಿದ ಹಸಿ ಅಡಿಕೆ ಗಾಳಿ ತಾಗಿದರೆ ಹೆಚ್ಚಿಟ್ಟ ಬಾಳೆಕಾಯಿಯಂತೆ ಕಪ್ಪಾಗುತ್ತದೆ. ಇದು ಕಿಣ್ವದ ಕೆಲಸ. ಕುಮಟೆಯಿಂದ ಬರುವ ಬಸ್ಸು ದೇವಿಮನೆ ಘಟ್ಟ ಹತ್ತಲೇಬೇಕು. ರಾಸಾಯನಿಕ ಕ್ರಿಯೆಯಲ್ಲಿ ಅಣುಗಳಿಗೂ ಅಂಥದೊಂದು ಶಕ್ತಿಯ ಘಟ್ಟವಿದೆ. 1889ರಲ್ಲಿ ಸ್ವೀಡನ್ನಿನ ಸ್ವಾಂತೆ ಅರ್ಹೇನಿಯಸ್ ಇದನ್ನು ವಿವರಿಸಿದ. ಬಿಸಿ ಏರಿದಷ್ಟೂ ಘಟ್ಟ ದಾಟಬಲ್ಲ ಅಣುಗಳು ಹೆಚ್ಚುತ್ತವೆ. 10 ಡಿಗ್ರಿ ಏರಿದರೆ ಹಲವು ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಿಣ್ವವಾದರೋ ಘಟ್ಟವನ್ನೇ ತಗ್ಗಿಸಿಕೊಡುತ್ತದೆ.

ಹಾಗಾದರೆ ಕುದಿಸಿದಾಗ ಅಡಿಕೆ ಇನ್ನೂ ಬೇಗ ಕಪ್ಪಾಗಬೇಡವೇ? ಇಲ್ಲ. ಕುದಿನೀರಲ್ಲಿ ಕಿಣ್ವದ ಪ್ರೋಟೀನೇ ಕೆಟ್ಟು, ತಗ್ಗಿದ ದಾರಿ ಮುಚ್ಚಿಹೋಗುತ್ತದೆ. ಶಿರಸಿಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ, ಅಷ್ಟು ಸಾಕು. ಹಂಡೆಯಲ್ಲಿ ಉಳಿಯುವ ಚೊಗರು ಮುಂದೆ ಬಣ್ಣಕ್ಕಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಹದ ಕಂಡುಕೊಂಡವರಿಗೆ ಅರ್ಹೇನಿಯಸ್ ಬೇಕಿರಲಿಲ್ಲ, ಬಿಡಿ. ಆದರೆ ಹದ ತಪ್ಪಿದರೆ ಬಣ್ಣ ಕೆಡುತ್ತದೆ, ಮಂಡಿಯಲ್ಲಿ ದರ ಇಳಿಯುತ್ತದೆ. ವರ್ಷದ ದುಡಿಮೆ ಆ ಹಂಡೆಯಲ್ಲಿರುತ್ತದೆ. ಇದೇ ಮೂರು ತಾಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಗುರುತು ದೊರೆಯಿತು.