ನಾಲ್ಕನೆಯ ಅಂಕದ ಬೆನ್ನು ಹತ್ತಿ

ಇಂಗ್ಲೆಂಡಿನ ಒಂದು ಚಿಕ್ಕ ಊರಿನ ಹವ್ಯಾಸಿ ತಂಡ ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಆಡಲು ಹೊರಟಿತ್ತು. ಮೊದಲ ಓದಿನ ಸಂಜೆ ನಾನೂ ಕೂತಿದ್ದೆ. ಎರಡನೆಯ ಅಂಕದ ನಡುವೆ ನಟರೊಬ್ಬರು ಬೇರೆ ಯಾರ ಪುಸ್ತಕದಲ್ಲೂ ಇಲ್ಲದ ಮಾತು ಓದತೊಡಗಿದರು. ಗ್ರಿಬ್ಸ್‌ಬಿ ಎಂಬ ವಕೀಲ ಬರುತ್ತಾನೆ. ಸವಾಯ್ ಹೋಟೆಲಿನ ಬಾಕಿ 762 ಪೌಂಡ್ ಕಟ್ಟು, ಇಲ್ಲವೇ ಹಾಲೊವೇ ಜೈಲಿಗೆ ನಡೆ ಅನ್ನುತ್ತಾನೆ. ಉಳಿದವರ ಪುಸ್ತಕದಲ್ಲಿ ಮೂರೇ ಅಂಕ, ಇವರದರಲ್ಲಿ ನಾಲ್ಕು.

1895ರ ಫೆಬ್ರವರಿ 14ರಂದು ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಮೊದಲು ಆಡಿದ್ದು ಮೂರು ಅಂಕದ ನಾಟಕ. ನಟ, ವ್ಯವಸ್ಥಾಪಕ ಜಾರ್ಜ್ ಅಲೆಕ್ಸಾಂಡರ್ ಕೇಳಿದ್ದಕ್ಕೆ ವೈಲ್ಡ್ ನಾಲ್ಕನ್ನು ಮೂರಕ್ಕೆ ಇಳಿಸಿದ್ದ. ಆ ಏಪ್ರಿಲ್‌ನಲ್ಲಿ ಅವನನ್ನೇ ಬಂಧಿಸಿ ಹಾಲೊವೇಯಲ್ಲಿಟ್ಟರು. ಕವಿಗೆ ಮುಂದಿನದು ಮೊದಲೇ ಕಂಡಿತ್ತೇ? ಹಾಗೆ ಓದುವ ಆಸೆ ನನಗೂ ಆಯಿತು. ಆದರೆ ಆ ಕಾಲದಲ್ಲಿ ಸಾಲಗಾರರು ಹೋಗುತ್ತಿದ್ದ ಜೈಲೂ ಅದೇ. ಕಾಕತಾಳೀಯಕ್ಕೆ ಅದಕ್ಕಿಂತ ಹೆಚ್ಚು ತೂಕ ಕೊಡಲಾರೆ.

ನಾಲ್ಕು ಅಂಕದ ಪಠ್ಯ ವೈಲ್ಡ್‌ನದೇ ಎನ್ನಲು ಆಧಾರವೇನು? ಮೊದಲು ಸಿಕ್ಕಿದ್ದು 1903ರ ಜರ್ಮನ್ ಅನುವಾದ. ಅದರಲ್ಲಿ ನಾಲ್ಕು ಅಂಕಗಳಿವೆ. ಸ್ವಲ್ಪ ಹೊತ್ತು ಹಿಗ್ಗಿದೆ. ಆಮೇಲೆ ಹೊಳೆಯಿತು, ದೃಶ್ಯ ಇತ್ತು ಎಂಬುದಕ್ಕಷ್ಟೇ ಅನುವಾದ ಸಾಕ್ಷಿ. ಚಾಟು ಮಾತೇ ಜೀವವಾದ ನಾಟಕಕ್ಕೆ ಅಷ್ಟು ಸಾಲದು, ಮೂಲದ ನುಡಿಯೇ ಬೇಕು.

ಆ ನುಡಿ ಉಳಿದದ್ದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಅರೆಂಟ್ಸ್ ಸಂಗ್ರಹದಲ್ಲಿ. ಅದು ಹೊಗೆಸೊಪ್ಪಿನ ಚರಿತ್ರೆಯ ಸಂಗ್ರಹ! ನಾಟಕದ ಹಸ್ತಪ್ರತಿಗೆ ಅಲ್ಲೇನು ಕೆಲಸ ಎಂದು ಬೆರಗಾಗಿ ಮೊದಲ ಅಂಕ ತಿರುವಿದರೆ, ಕಥೆ ಬಿಚ್ಚಿಕೊಳ್ಳುವುದೇ ಒಂದು ಸಿಗರೇಟು ಡಬ್ಬಿಯಿಂದ. ಒಳಗೆ ಕೆತ್ತಿದ ಒಂದು ಸಾಲಿನಿಂದ ನಾಯಕ ಜ್ಯಾಕ್‌ನ ನಿಜವಾದ ಹೆಸರು ಹೊರಬೀಳುತ್ತದೆ. ವೈಲ್ಡ್ ಬರೆದ ಮೊದಲೆರಡು ಅಂಕಗಳು ಆ ಸಂಗ್ರಹದಲ್ಲಿದ್ದವು. ಕೊನೆಯ ಎರಡು ಬ್ರಿಟಿಷ್ ಮ್ಯೂಸಿಯಂ ಸೇರಿದ್ದವು. 1956ರಲ್ಲಿ ಆ ಲೈಬ್ರರಿಯೇ ನಾಲ್ಕು ಅಂಕಗಳ ರೂಪವನ್ನು ಪ್ರಕಟಿಸಿತು. ಗ್ರಿಬ್ಸ್‌ಬಿ ವೈಲ್ಡ್‌ನ ಸೃಷ್ಟಿಯೇ.

ಹಾಗಾದರೆ ಆಡಬೇಕಾದ್ದು ನಾಲ್ಕು ಅಂಕವೇ? ಇಲ್ಲಿ ನನ್ನನ್ನು ತಡೆದದ್ದು 1899ರ ಮುದ್ರಣ. ಆಗ ಅಲೆಕ್ಸಾಂಡರ್‌ನ ಒತ್ತಡವಿರಲಿಲ್ಲ. ವೈಲ್ಡ್ ತಾನೇ ತಿದ್ದಿ ಅಚ್ಚಿಗೆ ಕೊಟ್ಟ, ಮೂರು ಅಂಕವನ್ನೇ ಕೊಟ್ಟ. ಕತ್ತರಿಸಿದ್ದನ್ನು ಅವನು ಒಪ್ಪಿದ್ದನೆಂದು ತೀರ್ಮಾನಿಸಬಹುದು. ಆದರೆ 1895ರ ಏಪ್ರಿಲ್ 24ರಂದು ಸಾಲಕ್ಕಾಗಿ ಅವನ ಮನೆಯ ಸಾಮಾನು, ಪುಸ್ತಕ ಹರಾಜಾಗಿದ್ದವು. ತಿದ್ದಲು ಕೈಗೆ ಸಿಕ್ಕಿದ್ದು ಅಲೆಕ್ಸಾಂಡರ್ ಬಳಿಯಿದ್ದ ಪ್ರತಿಯಿಂದ ಬಂದ ಟೈಪು ಪ್ರತಿ. ಇಲ್ಲದ ಹಾಳೆಯನ್ನು ಮರಳಿ ಸೇರಿಸುವುದು ಹೇಗೆ? ಒಪ್ಪಿಗೆಗೂ ನಿರುಪಾಯಕ್ಕೂ ಕಾಗದದ ಮೇಲೆ ಒಂದೇ ಗುರುತು. ಆದರೂ ಸಾಲು ಸಾಲನ್ನು ಅಷ್ಟು ಜತನದಿಂದ ತಿದ್ದಿದ್ದಾನೆ ಎಂಬ ಕಾರಣಕ್ಕೆ ನನ್ನ ಮನಸ್ಸು ಮೂರರ ಕಡೆಗೇ ವಾಲುತ್ತದೆ.

ತಂಡವೂ ಮೂರನ್ನೇ ಆರಿಸಿತು. ಗ್ರಿಬ್ಸ್‌ಬಿ ಆಗಬೇಕೆಂದಿದ್ದ ಆ ನಟರಿಗೆ ಬಟ್ಲರ್ ಮೆರಿಮನ್‌ನ ಪಾತ್ರ ಬಂತು. ತಾಲೀಮು ಮುಗಿದ ಒಂದು ರಾತ್ರಿ, ಚಹಾದ ತಟ್ಟೆ ಕೆಳಗಿಟ್ಟು, ನಮಗೆಲ್ಲ ಆ ದೃಶ್ಯವನ್ನು ಅವರು ಪೂರ್ತಿ ಓದಿ ಕೇಳಿಸಿದರು.